ಜೇನು ತೋರಿಸುವ ಹಕ್ಕಿ

ನಿಯಾಸ್ಸಾ, ಕಾಡಿನ ಕ್ಯಾಂಪ್

ಅಮ್ಮಾ,

ಇವತ್ತೂ ಹಕ್ಕಿ ಬರದಿದ್ದರೆ ಮೊದಲ ವರ್ಷದಲ್ಲೇ ಕಾಲೇಜಿನ ಅರಣ್ಯ ಕೋರ್ಸ್ ಬಿಟ್ಟು ಮನೆಗೆ ಬರುವುದೆಂದು ತೀರ್ಮಾನಿಸಿದ್ದೆ. ಕಾಡಿನ ಕೆಲಸ ಕಲಿಯಲು ಬಂದ ಹೈಸ್ಕೂಲ್ ಮಕ್ಕಳೆದುರು, ಜೇನು ತೋರಿಸುವ ಹಕ್ಕಿಯನ್ನು ನಾನೇ ಕರೆಯಬೇಕಿತ್ತು.

“ಅಕ್ಕಾ, ನೀವು ಕರೆದ್ರೆ ಹಾಸ್ಟೆಲ್ ವಾರ್ಡನ್ ಬರ್ತಾರೆ, ಹಕ್ಕಿ ಬರಲ್ಲ” ಎಂದು ಅವರಲ್ಲೊಬ್ಬಳು, ಅಬೀಬಾ, ಛೇಡಿಸಿದಳು.

ಕಣ್ಣು ಮುಚ್ಚಿ, ತಾತ ಕರೆಯುತ್ತಿದ್ದ ಹಾಗೆಯೇ ‘ಬ್ರ್‌ರ್‌ರ್... ಹ್ಮ್’ ಎಂದೆ. ಹಕ್ಕಿ ಬಂತು, ಅಮ್ಮಾ. ಕೊಂಬೆಯಿಂದ ಕೊಂಬೆಗೆ ಹಾರುತ್ತ ನಮ್ಮನ್ನು ಜೇನಿದ್ದ ಪೊಟರೆಯ ತನಕ ಕರೆದೊಯ್ದಿತು. ಖುಷಿಯಲ್ಲಿ ಜೇನುಹುಟ್ಟನ್ನೆಲ್ಲ ಬಕೆಟ್ಟಿಗೇ ಹಾಕಿಬಿಟ್ಟೆ.

“ಅದರ ಪಾಲು ಕೊಡದೆ ಹೊರಟ್ರಾ? ನಾಳೆ ಕರೆದ್ರೆ ಬರುತ್ತಾ?” ಎಂದಳು ಅಬೀಬಾ. ಹಕ್ಕಿ ತಿನ್ನುವುದು ಮೇಣವನ್ನೇ; ಅದರ ದೊಡ್ಡ ಚೂರೊಂದನ್ನು ಎಲೆಯ ಮೇಲಿಟ್ಟು ಬಂದೆ.

ಜೇನುಹುಳು ಕಚ್ಚಿ ರೆಪ್ಪೆ ಊದಿದೆ, ಗಾಬರಿ ಬೇಡ. ಮನೆಗೆ ಬರಲು ನಾನು ಕೇಳಿದ್ದ ಬಸ್ಸಿನ ಸೀಟು ಇನ್ನು ಹಿಡಿಯಬೇಡ ಎಂದು ಮಾಮನಿಗೆ ಹೇಳು. ನಾಳೆಯೂ ನಾನೇ ಕರೆಯಬೇಕಂತೆ.

ನಿನ್ನ
ಆತೀಜಾ