ಇಳಿಜಾರಿನ ಹದಿನೇಳು ಮಿಡತೆಗಳು

ಆಸ್ಪತ್ರೆಯ ಹೊಲಿಗೆ ಕೋಣೆ,
ಶನಿವಾರ, ಅಕ್ಟೋಬರ್ ೧೪

ಪ್ರೀತಿಯ ಮಗಳೇ,

ಕೆಮ್ಮು ಹೋಯಿತೇ? ಓದಿನ ಗುಂಗಿನಲ್ಲಿ ಊಟ ತಪ್ಪಿಸಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ. ನಿಮ್ಮಪ್ಪನ ಬೂಟು ನನಗೆ ದೊಡ್ಡದು, ಆದರೂ ಮುಂದೆ ಚಿಂದಿಬಟ್ಟೆ ತುರುಕಿ ಹಾಕಿಕೊಳ್ಳುತ್ತೇನೆ. ಯಾಕೆಂದು ಹೇಳುತ್ತೇನೆ, ಬೈಯಬೇಡ.

ಅಪ್ಪ ಹೋದಮೇಲೆ ಮಿಡತೆ ಎಣಿಸುವವರು ಯಾರು, ನನ್ನ ಪ್ರಬಂಧಕ್ಕೆ ಎರಡು ವರ್ಷದ ಲೆಕ್ಕವೇ ಸಾಕು ಬಿಡಮ್ಮ ಎಂದು ನೀನು ಬರೆದಿದ್ದೆ. ನಾನು ಬಿಟ್ಟಿಲ್ಲ ಕಣೇ. ಪ್ರತಿ ಶನಿವಾರ ಬೆಳಿಗ್ಗೆ, ಹರಿದ ಹಾಸಿಗೆ ಬಟ್ಟೆಗಳ ಮುಂದೆ ಕೂರುವುದಕ್ಕಿಂತ ಮೊದಲು, ಆಸ್ಪತ್ರೆಯ ಎದುರಿನ ಹುಲ್ಲುಹಾಸಿನಲ್ಲಿ ಹತ್ತು ಹೆಜ್ಜೆ, ಹಿಂದಿನ ಇಳಿಜಾರಿನಲ್ಲಿ ಹತ್ತು ಹೆಜ್ಜೆ, ಹೆಜ್ಜೆಗೊಂದು ಸಲ ಬಲೆ ಬೀಸುತ್ತೇನೆ. ಲೆಕ್ಕದ ಪುಸ್ತಕದಲ್ಲಿ ನಿಮ್ಮಪ್ಪ ಬರೆದ ಪುಟಗಳ ಮುಂದೆಯೇ ನನ್ನ ಕಾಗೆಕಾಲು ಅಕ್ಷರವೂ ಇದೆ. ಜೂನ್ ತಿಂಗಳ ಒಂದು ಸಾಲು ಮಾತ್ರ ಖಾಲಿ. ಅದು ಅವರು ಹೋದ ವಾರ. ಅದನ್ನು ಅಂದಾಜಿನಿಂದ ತುಂಬಬೇಡ.

ಇಳಿಜಾರನ್ನು ಸಮ ಮಾಡಿ ಎದುರಿನ ಹಾಗೆಯೇ ಹುಲ್ಲುಹಾಸು ಮಾಡಬೇಕೆಂದು ಹೊಸ ಅಧಿಕಾರಿಗಳು ಹೊರಟಿದ್ದಾರೆ. ನಿಮ್ಮಪ್ಪ ತೋಟದ ಕೆಲಸದಲ್ಲಿದ್ದಷ್ಟು ದಿನ ಅಲ್ಲಿಗೆ ಹುಲ್ಲು ಕತ್ತರಿಸುವ ಯಂತ್ರ ಇಳಿಸಲಿಲ್ಲ. "ಎಲ್ಲಾ ಒಂದೇ ಥರ ಇದ್ರೆ ಅದು ಹುಲ್ಲಲ್ಲ ಕಣೇ, ಚಾಪೆ" ಅನ್ನುತ್ತಿದ್ದರು. ಎದುರಿಗೆ ಇರುವುದು ಒಂದೇ ಜಾತಿ ಹುಲ್ಲು. ಹಿಂದೆ ಗಿಡ, ಹುಲ್ಲು, ಬಳ್ಳಿ ಎಲ್ಲ ಸೇರಿ ಮೂವತ್ತೊಂದು ಬಗೆ ಎಣಿಸಿದ್ದೇನೆ. ನಾವು ಉದ್ದಮೂಗ ಅಂತ ಕರೆಯುವ ಮಿಡತೆ ಎತ್ತರದ ಹುಲ್ಲುಕಡ್ಡಿಯಲ್ಲಷ್ಟೇ ಕೂರುತ್ತದೆ, ಬೂದುಬಣ್ಣದ್ದು ಬರಿಯ ಕಲ್ಲುನೆಲ ಬಿಟ್ಟು ಕದಲುವುದಿಲ್ಲ, ಕೆಂಪಸ್ತರಿಗೆ ಅಗಲ ಎಲೆಯೇ ಬೇಕು. ಹಾರಿದಾಗ ಕೋಟಿನ ಅಸ್ತರಿನಂತೆ ಒಳರೆಕ್ಕೆ ಕೆಂಪಗೆ ಕಾಣುತ್ತದಲ್ಲ, ಅದು. ಅವರವರಿಗೆ ಬೇಕಾದ ಮೂಲೆ ಅವರವರಿಗೆ ಸಿಕ್ಕಿದೆ, ಅದಕ್ಕೇ ಅಷ್ಟು ಜನ ಸೇರಿದ್ದಾರೆ.

ಸೋಮವಾರ ಪುಸ್ತಕ ಹಿಡಿದು ಅಧಿಕಾರಿಗಳ ಕೋಣೆಗೆ ಹೋದೆ. ಎದುರಿಗೆ ಮೂರು ಜಾತಿ, ಹಿಂದೆ ಇಪ್ಪತ್ಮೂರು ಎಂದೆ. "ಮಿಡತೇಲೂ ಇಷ್ಟು ಜಾತೀನಾ? ಇಪ್ಪತ್ತರ ಮೇಲಿದೆ ಅಂದ್ರೆ ಇಳಿಜಾರು ಉಳಿಸಿ ಅಂತ ಶನಿವಾರದ ಸಭೇಲಿ ನಾನೇ ಮಾತಾಡ್ತೀನಿ" ಎಂದರು. ನೆಲದ ಮೇಲೆ ಕಾಲಿಲ್ಲದ ಹಾಗೆ ಬಂದೆ.

ಮೋಟಂಗಿ ಅಂತ ನಾವು ಬೇರೆಯೇ ಜಾತಿ ಎಂದು ಎಣಿಸುತ್ತಿದ್ದ ಗಿಡ್ಡ ರೆಕ್ಕೆಯದನ್ನು ಗಾಜಿನ ಭರಣಿಯಲ್ಲಿ ಸಾಕಿದ್ದೆ. ಬುಧವಾರ ಬೆಳಿಗ್ಗೆ ನೋಡಿದರೆ ಪೊರೆ ಕಳಚಿಟ್ಟು ಪಕ್ಕದಲ್ಲೇ ಕೂತಿದೆ, ಕೆಂಪಸ್ತರು! ಮಗುವನ್ನೂ ತಾಯಿಯನ್ನೂ ಎರಡು ಜಾತಿ ಎಂದು ಬರೆದಿದ್ದೆವು. ಪುಸ್ತಕ ತಿರುವಿ, ಬಲೆಗೆ ಬಿದ್ದದ್ದನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದೆ. ಇಪ್ಪತ್ಮೂರರಲ್ಲಿ ಆರು ಮರಿಗಳೇ. ಉಳಿದದ್ದು ಹದಿನೇಳು.

ಅಡುಗೆಮನೆಯ ಅಕ್ಕ, "ಬಾಯಿ ಮುಚ್ಕೊಂಡಿರೇ, ಮಿಡತೆ ಬಂದು ಸಾಕ್ಷಿ ಹೇಳುತ್ತಾ? ಬಂದ್ಲು ಹರಿಶ್ಚಂದ್ರನ ತಂಗಿ!" ಎಂದಳು. ಗುರುವಾರವೆಲ್ಲ ಹೊಲಿಗೆ ಸೊಟ್ಟಗೇ ಹೋಯಿತು. ಹೇಳಿದರೆ ಇಳಿಜಾರು ಹೋಗುತ್ತದೆ. ಹೇಳದಿದ್ದರೆ ನಿಮ್ಮಪ್ಪನ ಕೈಬರಹವಿರುವ ಪುಸ್ತಕ ಸುಳ್ಳಾಗುತ್ತದೆ. ನಿನ್ನೆ ಅಧಿಕಾರಿಗಳ ಬಳಿ ಹೋಗಿ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು, "ಹಾಗಾದ್ರೆ ಎದುರಿನ ಮೂರು?" ಎಂದರು. ಅದರಲ್ಲೂ ಒಂದು ಮರಿ ಸಾರ್, ಎರಡೇ ಎಂದೆ. "ನಮ್ಮ ಹುಲ್ಲುಹಾಸನ್ನೂ ಬಿಡಲಿಲ್ವಲ್ಲಮ್ಮ ನೀವು!" ಎಂದು ನಕ್ಕರು. ಪುಸ್ತಕ ಅವರ ಬಳಿಯೇ ಇದೆ. ಈಗ ಸಭೆ ನಡೆಯುತ್ತಿದೆ. ಏನಾಗುತ್ತದೋ ಕಾಣೆ. ಆದರೆ ತಲೆ ಎತ್ತಿಕೊಂಡೇ ಆ ಕೋಣೆಯಿಂದ ಬಂದೆ. ಎಂಟನೇ ತರಗತಿಗೇ ಶಾಲೆ ಬಿಟ್ಟವಳಿಗೆ ಮರಿ ಯಾವುದು, ಜಾತಿ ಯಾವುದು ಎಂದು ತಿಳಿಯಿತಲ್ಲ, ನೀನು ಹಚ್ಚಿದ ಹುಚ್ಚಿನಿಂದ.

ಓದು ಚೆನ್ನಾಗಿ ಸಾಗಲಿ, ನೂರು ಕಾಲ ಸುಖವಾಗಿರು. ನಿನ್ನ ಕೋಣೆಯ ಗೆಳತಿಗೂ ನನ್ನ ನೆನಪು ಹೇಳು.

ನಿನ್ನ
ಅಮ್ಮ

ಮರೆಯುವ ಮುಂಚೆ: ಈಗ ತಾನೇ ಹೇಳಿಕಳಿಸಿದರು, ಇಳಿಜಾರು ಉಳಿಯಿತು! ತನ್ನ ತಪ್ಪನ್ನು ತಾನೇ ಹೇಳಿಕೊಂಡು ಬಂದವರ ಲೆಕ್ಕ ನಂಬಬಹುದು ಎಂದು ಅಧಿಕಾರಿಗಳೇ ಹೇಳಿದರಂತೆ ಸಭೆಯಲ್ಲಿ. ಆದರೆ ಮಗಳೇ, ನಿನಗೆ ಕಳಿಸಿದ ಎರಡು ವರ್ಷದ ಲೆಕ್ಕದಲ್ಲೂ ಆ ಮರಿಗಳು ಸೇರಿವೆ. ನಾವು ಬರೆದ ಅಡ್ಡಹೆಸರು ಬಿಟ್ಟರೆ ಅವುಗಳ ಮುಖ ನಿನಗೆ ಗೊತ್ತಿಲ್ಲ. ಯಾವುದು ಯಾವುದರ ಮರಿ ಎಂಬ ಪಟ್ಟಿ ಇದರೊಳಗೆ ಇಟ್ಟಿದ್ದೇನೆ. ನಿನ್ನ ಪ್ರಬಂಧ ಒಪ್ಪಿಸುವ ಮುಂಚೆ ಎಲ್ಲ ತಿದ್ದು. ತಿದ್ದಿದ್ದೇಕೆ ಎಂದು ಕೆಳಗೆ ಬರೆಯಬೇಕಾಗಿ ಬಂದರೆ ಅಪ್ಪನ ತಪ್ಪು ಎಂದು ಬರೆಯಬೇಡ. ಅಪ್ಪ ಅಮ್ಮ ಇಬ್ಬರದೂ ಎಂದು ಬರೆ.