ಅಂಟಲ್ಲದ ಅಂಟು

ಅಪ್ಪಾ,

ಪ್ರೆಸ್‌ಗೆ ಹೊರಟಿದ್ದೇನೆ. ಬೈಂಡಿಂಗ್ ಮೇಜಿನ ಮೇಲಿನ ಲೋಟದಲ್ಲಿ ಇದ್ದದ್ದು ನೀನು ಕಲಸಿಟ್ಟ ಅಂಟು ಅಂದುಕೊಂಡು, ಬ್ರಷ್ ಅದ್ದಿ ಆ ದಪ್ಪ ನಿಘಂಟಿನ ಬೆನ್ನಿಗೆ ಬಳಿದುಬಿಟ್ಟೆ. ಕಿತ್ತಳೆ ವಾಸನೆ ಮೂಗಿಗೆ ಬಡಿದಾಗಲೇ ಗೊತ್ತಾಗಿದ್ದು, ಅದು ನಿನ್ನೆ ನೀನು "ಆಗಲೇ ಕುಡಿದಾಯ್ತು ಕಣೇ" ಅಂದ, ಓಟ್ಸ್‌ನಿಂದ ತೆಗೆದ ಬೀಟಾ ಗ್ಲುಕನ್ ನಾರಿನ ಪುಡಿ!

ಬೈಯೋಣ ಅಂತಲೇ ಪೆನ್ನು ಹಿಡಿದೆ. ಆದರೆ ಏನು ಹೇಳಲಿ, ಆ ಲೋಟ ನೋಡಿ ಬೆರಗಾಗಿ ನಿಂತುಬಿಟ್ಟಿದ್ದೆ. ಒಂದೇ ಚಮಚ ಪುಡಿ ಅಷ್ಟೂ ನೀರನ್ನು ಹಿಡಿದು ನಿಲ್ಲಿಸಿತ್ತು. ಬ್ರಷ್ ಎತ್ತಿದರೆ ಕಿಟಕಿಯ ಬೆಳಕಿನಲ್ಲಿ ರೇಷ್ಮೆ ಎಳೆಯ ಹಾಗೆ ಹೊಳೆಯುತ್ತಾ ಇಳಿಯಿತು, ತುಂಡಾಗಲೇ ಇಲ್ಲ. ನೀನು ಕಲಸುವ ಅಂಟೂ ಇಷ್ಟು ನುಣುಪಾಗಿದ್ದದ್ದನ್ನು ನಾನು ಕಂಡಿಲ್ಲ.

ನೀನು ಎದೆ ಹಿಡಿದುಕೊಂಡು ಕುಸಿದ ಮೇಲೆ, ಇದು ಹೊಟ್ಟೆಯೊಳಗೂ ಹೀಗೇ ಗಟ್ಟಿಯಾಗಿ ಕೊಲೆಸ್ಟ್ರಾಲ್ ಇಳಿಸಲು ನೆರವಾಗುತ್ತೆ ಅಂತ ಡಾಕ್ಟರಮ್ಮ ಹೇಳಿದಾಗ ಅರ್ಥವಾಗದೆಯೇ ತಲೆಯಾಡಿಸಿದ್ದೆ, ಇವತ್ತು ಕಣ್ಣಾರೆ ಕಂಡೆ. ಡಬ್ಬಿಯ ಮೇಲೆ ಬರೆದಿರುವ ರೋಗನಿರೋಧಕ ಶಕ್ತಿಯ ಬಗ್ಗೆ ಅವರು ಅಷ್ಟು ಖಚಿತವಾಗಿ ಹೇಳಲಿಲ್ಲ. ಹೃದಯಕ್ಕೆ ಒಳ್ಳೆಯದು ಅಂದರು, ನನಗೆ ಅಷ್ಟು ಸಾಕು.

ಲೋಟ ತೊಳೆದಿಟ್ಟಿದ್ದೇನೆ. ತಿಂಡಿಯ ಜೊತೆ ಕಲಸಿ, ತಕ್ಷಣ ಕುಡಿ. ಬಿಪಿ ಮಾತ್ರೆ ಅದರ ಜೊತೆಗೇ ನುಂಗಬೇಡ, ಸ್ವಲ್ಪ ಹೊತ್ತು ಬಿಡು.

ನಿಘಂಟನ್ನು ಒರೆಸಿ ಒಣಗಲು ಇಟ್ಟಿದ್ದೇನೆ. ಅದರ ಬೆನ್ನು ನೆಟ್ಟಗೆ ಕೂರಿಸುವುದು ನನಗಿನ್ನೂ ಬರುವುದಿಲ್ಲ. ಕಲಿಸಲು ನೀನಿರಬೇಕು, ಅಪ್ಪಾ.

ಕುಡಿ.