ಎಣ್ಣೆ ಅಂದರೆ ಡೀಸೆಲ್

ಮಧುಗಿರಿ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಪ್ರಭುವಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪ? ಬಲಸಮುದ್ರದಲ್ಲಿ ಬಿಸಿಲು ಹೇಗಿದೆ ಎಂದು ಕೇಳುವುದು ದಡ್ಡತನ, ಬಿಸಿಲಿದೆ ಎಂದೇ ತಾನೇ ಅಲ್ಲಿ ಸೋಲಾರ್ ಹಾಕಿರುವುದು. ತಲೆಗೆ ಟವಲ್ ಸುತ್ತಿಕೊಂಡು ಕೆಲಸ ಮಾಡು. ಮೆಸ್ಸಿನ ಅನ್ನ ತಿಂದು ಹೊಟ್ಟೆ ಕೆಟ್ಟಿದ್ದರೆ ಮುದ್ದೆ ಎಲ್ಲಿ ಸಿಗುತ್ತದೆ ವಿಚಾರಿಸು. ಆ ಕಡೆಯವರು ಸಂಗಟಿ ಎನ್ನುತ್ತಾರೆ, ಹೆಸರು ಬೇರೆಯಾದರೂ ಹೊಟ್ಟೆಗೆ ಎರಡೂ ಒಂದೇ. ನೀನು ಫೋನ್ ಎತ್ತುವುದಿಲ್ಲ. ಮೆಸೇಜಿಗೆ ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಪತ್ರಕ್ಕಾದರೆ ಆ ಗೆರೆಯ ಕಾಟವಿಲ್ಲ. ಓದಿದೆಯೋ ಇಲ್ಲವೋ ನನಗೆ ತಿಳಿಯುವುದಿಲ್ಲ, ನಿನಗೂ ಮುಜುಗರವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಅಂದರೆ ಊಟ ಮಾಡುತ್ತೇನೆ, ಮಲಗುತ್ತೇನೆ, ಏಳುತ್ತೇನೆ. ನಿಮ್ಮಪ್ಪ ಲಿಂಗೈಕ್ಯರಾದ ಮೇಲೆ ನನಗೆ ಅಳು ಬಂದಿಲ್ಲ. ಶಿವಗಣಾರಾಧನೆಗೆ ಬಂದ ಹೆಂಗಸರು ನನ್ನ ಮುಖವನ್ನೇ ನೋಡಿ ನೋಡಿ, ಜಗದಾಂಬ ಕಲ್ಲಾಗಿದ್ದಾಳೆ ಎಂದರಂತೆ. ಕಲ್ಲೂ ಆಗಿಲ್ಲ. ಹಲ್ಲು ಕೀಳುವ ಮುಂಚೆ ದವಡೆಗೆ ಸೂಜಿ ಹಾಕುತ್ತಾರಲ್ಲ, ಹಾಗಿದೆ. ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಅವರ ಚಪ್ಪಲಿ ಬಾಗಿಲ ಬಳಿಯೇ ಇದೆ, ತೆಗೆದಿಡಬೇಕು ಎಂದುಕೊಳ್ಳುತ್ತೇನೆ. ಕಸ ಗುಡಿಸುವಾಗ ಅದರ ಸುತ್ತ ಗುಡಿಸಿ ಒಳಗೆ ಬರುತ್ತೇನೆ.

ಅವತ್ತಿನದನ್ನು ಒಂದು ಸಲ ನನ್ನ ಬಾಯಿಂದ ಹೇಳಿಬಿಡುತ್ತೇನೆ, ಊರಿನವರು ಹೇಳಿದ್ದು ಸಾಕು. ನಿಮ್ಮಪ್ಪ ಎದೆನೋವು ಎಂದರು. ಇಲ್ಲಿನ ಡಾಕ್ಟರು ತುಮಕೂರಿಗೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸಿಗೆ ಕಾಯುವುದಕ್ಕಿಂತ ನಮ್ಮ ಕಾರೇ ವಾಸಿ ಎಂದು ನೀನು ಹೊರಡಿಸಿದೆ. ಟ್ಯಾಂಕಿನ ತಳದಲ್ಲಿ ಸ್ವಲ್ಪವೇ ಡೀಸೆಲ್ ಇತ್ತು. ನೀನು ಊರಾಚೆಯ ಬಂಕಿನಲ್ಲಿ ನಿಲ್ಲಿಸಿ, ಕೆಳಗಿಳಿಯದೆ ಕಿಟಕಿಯಿಂದಲೇ "ಬೇಗ ಎಣ್ಣೆ ಹಾಕಪ್ಪ" ಎಂದು, ಹಿಂದೆ ತಿರುಗಿ ಅಪ್ಪನನ್ನೇ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಪೆಟ್ರೋಲ್ ಎಂದರೆ ಪೆಟ್ರೋಲ್, ಸೀಮೆಎಣ್ಣೆ ಎಂದರೆ ಸೀಮೆಎಣ್ಣೆ, ಬರೀ ಎಣ್ಣೆ ಎಂದರೆ ಡೀಸೆಲ್. ಒಗ್ಗರಣೆಗೆ ಬೇಕಾದದ್ದನ್ನು ನಾನು ಅಡುಗೆ ಎಣ್ಣೆ ಎಂದು ಬಿಡಿಸಿ ಹೇಳಬೇಕಿತ್ತು, ಇಲ್ಲದಿದ್ದರೆ ನಿಮ್ಮಪ್ಪ ಕ್ಯಾನ್ ಹಿಡಿದು ಬಂಕಿಗೆ ಹೊರಡುತ್ತಿದ್ದರು. ನಿನ್ನ ಸ್ನೇಹಿತರಿಗೆ ಎಣ್ಣೆ ಎಂದರೆ ಇನ್ನೇನೋ, ಅದೂ ನನಗೆ ಗೊತ್ತು. ಆ ಬಂಕಿನವನು ಉತ್ತರ ಭಾರತದ ಕಡೆಯವನು, ಊರಿಗೆ ಹೊಸಬ. ನಮ್ಮ ಮನೆಯ ಭಾಷೆ ಅವನಿಗೆ ಹೇಗೆ ಗೊತ್ತಾಗಬೇಕು? ನಮ್ಮಂಥದೇ ಕಾರು ಪೆಟ್ರೋಲಿನದೂ ಇದೆಯಂತೆ. ತಲೆಯಾಡಿಸಿ, ಕೈಗೆ ಸಿಕ್ಕ ಪೆಟ್ರೋಲ್ ಪೈಪು ಇಟ್ಟ. ಕೊರಟಗೆರೆ ಸಿಗುವ ಮೊದಲೇ ಕಾರು ಕಟಕಟ ಎಂದು ಬಡಿದುಕೊಂಡು ನಿಂತಿತು. ನೀನು ಕೀ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಆಮೇಲೆ ಬೇರೆ ಗಾಡಿ ತರುತ್ತೇನೆ ಎಂದು ರಸ್ತೆಯುದ್ದಕ್ಕೂ ಓಡಿದೆ. ಗೊರವನಹಳ್ಳಿಗೆ ಹೊರಟಿದ್ದ ಭಕ್ತರ ಟೆಂಪೋವನ್ನು ನೀನು ಒಪ್ಪಿಸಿ ಕರೆತರುವ ಹೊತ್ತಿಗೆ ನಿಮ್ಮಪ್ಪ ಇರಲಿಲ್ಲ.

ವೃಷಭೇಂದ್ರಪ್ಪ ಮಾವ ಎಲ್ಲರೆದುರು, "ಇಂಜಿನ್ ನಂದೀಶ್ವರಯ್ಯನ ಮಗನ್ಗೆ ಪೆಟ್ರೋಲ್ ಯಾವ್ದು ಡೀಸೆಲ್ ಯಾವ್ದು ಗೊತ್ತಾಗ್ಲಿಲ್ವೇನ್ಲಾ" ಎಂದರು. ನೀನು ಕಾರ್ಯ ಮುಗಿದ ಮಾರನೆಯ ದಿನವೇ ಸೋಲಾರ್ ಕೆಲಸಕ್ಕೆಂದು ಪಾವಗಡದ ಬಸ್ಸು ಹತ್ತಿದೆ. ಅಪ್ಪನನ್ನು ನಾನೇ ಕೊಂದೆ ಎಂದು ನಂಬಿಕೊಂಡು ಕೂತಿದ್ದೀಯ. ನನ್ನ ಮುಂದೆ ಬಾಯಿಬಿಟ್ಟು ಹೇಳದಿದ್ದರೂ ಹೆತ್ತವಳಿಗೆ ಅಷ್ಟು ತಿಳಿಯುತ್ತದೆ.

ಮೊನ್ನೆ ಶಿರಾಕ್ಕೆ ಹೋಗಿದ್ದೆ, ನಿಯಾಜ್ ಅಹಮದನ ಗ್ಯಾರೇಜಿಗೆ. ಕಾರನ್ನು ಎಳೆಸಿಕೊಂಡು ಹೋದವನು ಅವನೇ ತಾನೇ. ನಿಮ್ಮಪ್ಪನ ಜೊತೆ ಊರೂರು ತಿರುಗಿ ಪಂಪ್‌ಸೆಟ್ ಇಂಜಿನ್ ಬಿಚ್ಚಿದವನು, ಅವನ ಕಣ್ಣೂ ಇನ್ನೂ ಕೆಂಪಗಿದೆ. ಇಷ್ಟು ವರ್ಷ ಇಂಜಿನ್ ರಿಪೇರಿಯವರ ಜೊತೆ ಸಂಸಾರ ಮಾಡಿದೆ, ಒಂದು ದಿನವೂ ಕೇಳಲಿಲ್ಲ, ಈಗ ನನಗೆ ಅರ್ಥವಾಗುವಂತೆ ಹೇಳು ಎಂದೆ. "ಪೆಟ್ರೋಲ್ ಇಂಜಿನ್ಗೆ ಪ್ಲಗ್ ಕಿಡಿ ಬೇಕು ಅಕ್ಕಾ. ಡೀಸೆಲ್ಗೆ ಕಿಡೀನೇ ಬ್ಯಾಡ, ಗಾಳೀನ ಹಿಂಡಿದ್ರೆ ಸಾಕು" ಎಂದ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುತ್ತದಲ್ಲ, ಅದೇ ಲೆಕ್ಕ. ಇಂಜಿನ್ನಿನಲ್ಲಿ ಗಾಳಿಯನ್ನು ಇನ್ನೂ ಬಿಗಿಯಾಗಿ ಹಿಂಡಿ ಹಿಂಡಿ ಕೆಂಡದಂತೆ ಮಾಡುತ್ತಾರಂತೆ. ಅದರೊಳಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಪೆಟ್ರೋಲ್ ಹಾಗೆ ಹೇಳಿದ ಹೊತ್ತಿಗೆ ಹತ್ತುವ ಜಾತಿಯಲ್ಲ, ಅದಕ್ಕೇ ಆ ಬಡಿತ. ಡೀಸೆಲ್‌ನಲ್ಲಿ ಜಿಡ್ಡು ಇರುತ್ತದೆ, ಒಳಗಿನ ಪಂಪು ಆ ಜಿಡ್ಡಿನಲ್ಲೇ ಜಾರಿಕೊಂಡು ಓಡುತ್ತದೆ. ಪೆಟ್ರೋಲ್ ಒಣಕಲು, ಲೋಹ ಲೋಹವನ್ನೇ ಉಜ್ಜುತ್ತದೆ. ಹಿಂದೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಇಂಜಿನ್ ಇದ್ದವಂತೆ. ಬರಗೂರಿನ ತೋಟವೊಂದರಲ್ಲಿ ನಿಮ್ಮಪ್ಪ ಡೀಸೆಲ್ ಇಂಜಿನ್ನಿಗೆ ಹೊಂಗೆ ಎಣ್ಣೆ ಹಾಕಿ ಓಡಿಸಿ, ಹೊಗೆಗೆ ಎಮ್ಮೆಗಳೆಲ್ಲ ಹಗ್ಗ ಕಿತ್ತುಕೊಂಡು ಹೋಗಿದ್ದವಂತೆ. ಇಬ್ಬರೂ ನಕ್ಕೆವು. ನಕ್ಕದ್ದು ನನ್ನ ಕಿವಿಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಆಮೇಲೆ ಅವನು ತಲೆ ತಗ್ಗಿಸಿ, "ಫಿಲ್ಟರ್ ಕಟ್ಕಂಡಿತ್ತು, ಪೆಟ್ರೋಲ್ ಹಾಕ್ದಿದ್ರೂ ನಿಲ್ತಿತ್ತು ಅಂತ ಹೇಳ್ಬುಡಣ ಅಕ್ಕಾ, ನಾನೇ ಪ್ರಭುಗೆ ಹೇಳ್ತೀನಿ" ಎಂದ. ಬೇಡ ಎಂದೆ. ಇಂಜಿನ್ನಿನವರ ಮಗ ನೀನು, ಇವತ್ತಲ್ಲ ನಾಳೆ ಬಿಚ್ಚಿ ನೋಡಿಯೇ ನೋಡುತ್ತೀಯ. ಸುಳ್ಳು ಹೇಳಿ ಕರೆಸಿಕೊಂಡರೆ ಆಗ ನನ್ನನ್ನೂ ನಂಬುವುದಿಲ್ಲ. ಆದ್ದರಿಂದ ಕೇಳು: ಕಾರು ಪೆಟ್ರೋಲಿನಿಂದಲೇ ನಿಂತಿತು. ನಿಲ್ಲದಿದ್ದರೆ ಅವರು ಉಳಿಯುತ್ತಿದ್ದರೋ ಇಲ್ಲವೋ ಡಾಕ್ಟರಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನೀನೊಬ್ಬನೇ ತೀರ್ಪು ಬರೆದುಕೊಳ್ಳಬೇಡ. ಎಣ್ಣೆ ಎಂಬ ಮಾತೂ ನಿನ್ನದಲ್ಲ, ಅವರ ಬಾಯಿಂದ ಕಲಿತದ್ದು. ಅಲ್ಲಿ ನೀನು ತೊಳೆಯುವ ಸೋಲಾರ್ ಹಲಗೆಗಳಿಗೆ ಎಣ್ಣೆಯೂ ಬೇಡ, ಕಿಡಿಯೂ ಬೇಡ. ಅದಕ್ಕೇ ಅಲ್ಲಿಗೆ ಹೋದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಪ್ರಭು, ನನ್ನ ಪಾಲಿಗೆ ಹೋದವರು ಒಬ್ಬರು. ನಿನ್ನನ್ನೂ ಆ ಲೆಕ್ಕಕ್ಕೆ ಸೇರಿಸುವುದು ನನ್ನಿಂದ ಆಗುವುದಿಲ್ಲ.

ಮಾನಸ ತುಮಕೂರಿನಿಂದ ಫೋನ್ ಮಾಡಿದಾಗಲೆಲ್ಲ ಅಣ್ಣ ಮಾತಾಡಿದನಾ ಎಂದು ಕೇಳುತ್ತಾಳೆ. ಇಲ್ಲ ಎಂದು ಹೇಳಿ ಹೇಳಿ ನನಗೂ ಅಭ್ಯಾಸವಾಗಿದೆ. ನೀರು ಚೆನ್ನಾಗಿ ಕುಡಿ, ಹೊತ್ತಿಗೆ ಸರಿಯಾಗಿ ಮಲಗು. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಜಗದಾಂಬ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಅವತ್ತು ನೀನು ಗಾಡಿ ತರಲು ಓಡಿದ ಮೇಲೆ ನಿಮ್ಮಪ್ಪ ಕಣ್ಣು ಬಿಟ್ಟು ಮಾತಾಡಿದರು. ನೋವಿಗೆ ಏನೋ ಬಡಬಡಿಸುತ್ತಿದ್ದಾರೆ ಎಂದುಕೊಂಡಿದ್ದೆ. ಮೊನ್ನೆ ಹೇಳಿದಾಗ ನಿಯಾಜ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಕೂತುಬಿಟ್ಟ. ಇಂಜಿನ್ ಸದ್ದು ಕೇಳಿಯೇ ಅವರಿಗೆ ಎಲ್ಲ ತಿಳಿದಿತ್ತಂತೆ. ಅವರು ಹೇಳಿದ್ದು ಇಷ್ಟು: "ಪೆಟ್ರೋಲ್ ಬಿದ್ದೈತೆ ಕಣೇ. ಇನ್ನ ಸ್ಟಾರ್ಟ್ ಮಾಡ್ಬ್ಯಾಡ ಅನ್ನು, ಪಂಪ್ ಹೋಗ್ತೈತೆ. ನಾಳೀಕೆ ನಾನೂ ಅವ್ನೂ ಕೂತ್ಕಂಡು ಟ್ಯಾಂಕ್ ಬಿಚ್ತೀವಿ. ಹುಡುಗ ಹೆದ್ರಿರ್ತಾನೆ, ಬೈಬ್ಯಾಡ." ಆಮೇಲೆ ಮಾತಾಡಲಿಲ್ಲ. ಟ್ಯಾಂಕಿಗೆ ಕೈ ಹಚ್ಚಬೇಡ ಎಂದು ನಿಯಾಜನಿಗೆ ಹೇಳಿ ಬಂದಿದ್ದೇನೆ. ನೀನು ಬಂದು ಬಿಚ್ಚು.